ವುಪ್ಪರ್ ಮೇಲೆ, ಮೈನಸ್ ನಲವತ್ತು

ಫೋವಿಂಕೆಲ್‌ನಲ್ಲಿ ಆರು ಹನ್ನೆರಡಕ್ಕೆ ಹತ್ತುತ್ತಾಳೆ ಹೈಡ್ರುನ್.
ಈ ಊರಲ್ಲಿ ರೈಲು ನೆಲದ ಮೇಲೆ ಓಡುವುದಿಲ್ಲ;
ಬಾವಲಿಯ ಹಾಗೆ ಕಂಬಿಗೆ ಜೋತುಬಿದ್ದು
ಹೊಳೆಯ ನೆತ್ತಿಯ ಮೇಲೇ ತೂಗುತ್ತ ಹೋಗುತ್ತದೆ.
ಕೆಳಗೆ ವುಪ್ಪರ್: ಮೊಣಕಾಲುದ್ದ ನೀರು, ಒಂದು ಬೂದು ಕೊಕ್ಕರೆ,
ಯಾರೋ ಎಸೆದ ಸೈಕಲ್ಲು.

ಇಯರ್‌ಫೋನ್ ಸಿಕ್ಕಿಸಿದಳೆಂದರೆ ಗ್ರೀನ್‌ಲ್ಯಾಂಡು.
ಇಬ್ಬರು, ಒಂದು ಜಾರುಬಂಡಿ, ಮೈನಸ್ ನಲವತ್ತು.
ಓದುವವನಿಗೆ ವಯಸ್ಸಾಗಿದೆ, ವಾಕ್ಯದ ನಡುವೆ
ಉಗುಳು ನುಂಗುವುದೂ ಕೇಳಿಸುತ್ತದೆ.
ನಿಜಕ್ಕೂ ಹೆಜ್ಜೆ ಇಟ್ಟಿರಬೇಕು, ನಿಜಕ್ಕೂ
ಕಾಲ್ಬೆರಳು ಕಪ್ಪಾಗಿರಬೇಕು ಅವಳಿಗೆ.
ದಿನವಿಡೀ ಕಟ್ಟುಹಲ್ಲು ಮಾಡುವವಳಿಗೆ
ದಾರಿಯಲ್ಲೂ ಕಟ್ಟುಕತೆ ಯಾಕೆ?

ಆ ಸೋಮವಾರ ಎದುರಿನ ಹುಡುಗ ಒಣಬ್ರೆಡ್ಡು ಅಗಿಯುತ್ತಿದ್ದ, ಗರಗರ.
ಹದಿನಾಲ್ಕನೇ ಅಧ್ಯಾಯದಲ್ಲಿ ಬಿಸ್ಕತ್ತು ಕಲ್ಲಾಗಿತ್ತು.
ಕಚ್ಚಿದ ಐನಾರ್‌ನ ದವಡೆಹಲ್ಲು ಎರಡು ಹೋಳು.
ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ;
ಆ ಗುಡಾರದಲ್ಲಿ ಎರಡೂ ಮುಗಿಯುತ್ತ ಬಂದಿದ್ದವು.
ಜೊತೆಗಾರ ಇಕ್ಕಳವನ್ನು ಬೆಂಕಿಗೆ ಹಿಡಿದ.
"ಬೇಡ," ಅಂದಳು ಹೈಡ್ರುನ್, ಗಟ್ಟಿಯಾಗಿಯೇ,
"ಬೇರು ಮುರಿಯುತ್ತೆ. ಮೇಣ ತುಂಬು, ಮೇಣ!"
ಹುಡುಗ ಅಗಿಯುವುದು ನಿಲ್ಲಿಸಿದ.
ಇಳಿಯುವ ನಿಲ್ದಾಣ ಆಗಲೇ ಹಿಂದಾಗಿತ್ತು.

ಕೆಲಸದ ಮೇಜಿನ ಮೇಲೆ ಯಾರದೋ ಕೆಳದವಡೆಯ ಅಚ್ಚು.
ಮೇಣ ಕೆತ್ತುತ್ತ ಲೆಕ್ಕ ಹಾಕಿದಳು:
ಪುಸ್ತಕ ಬರೆದವನು ಬದುಕಿ ಬಂದವನೇ,
ಅವನಿಗಾಗಿ ನಾನು ಒಂದು ದಿನವೂ ಹೆದರಿದ್ದಿಲ್ಲ.
ಆದರೆ ಐನಾರ್ ಎಲ್ಲೂ "ನಾನು" ಅನ್ನುವುದಿಲ್ಲ.
ಅವನು ಯಾವಾಗಲೂ "ಅವನು".

ಈ ಊರಲ್ಲಿ ಯಾರಾದರೂ ಸತ್ತರೆ
ವುಪ್ಪರ್ ದಾಟಿದ ಅನ್ನುತ್ತಾರೆ.
ದಿನಕ್ಕೆರಡು ಸಲ ಅದರ ಮೇಲೇ ತೂಗುವವಳಿಗೆ
ಆ ಮಾತು ಸವೆದ ನಾಣ್ಯ.
ಅವತ್ತು ಸಂಜೆ ಮಾತ್ರ ಕಿಟಕಿಯಿಂದ ಕೆಳಗೆ ನೋಡಲಿಲ್ಲ.
ಹದಿನಾರನೇ ಅಧ್ಯಾಯ ಮುಗಿದಲ್ಲೇ ನಿಲ್ಲಿಸಿಬಿಟ್ಟಳು.

ಮಂಗಳವಾರ ಹವಾಮಾನ ವರದಿ ಕೇಳಿದಳು. ಬುಧವಾರ ಏನೂ ಇಲ್ಲ,
ಬರೀ ಚಕ್ರದ ಕೀರಲು, ಒಂದು ಕೂಸಿನ ಅಳು,
ಟರ್ಕಿಯ ಮುದುಕಿಯೊಬ್ಬಳು ಫೋನಿನಲ್ಲಿ
ಯಾರ ಜನ್ಮವನ್ನೋ ಜಾಲಾಡುತ್ತಿದ್ದುದು.
ಒತ್ತದಿದ್ದರೆ ಅವನು ಸಾಯುವುದಿಲ್ಲ.

ಗುರುವಾರ ಜಡಿಮಳೆ. ಚೀಲದಿಂದ ಬಿಸ್ಕತ್ತು ತೆಗೆದು
ಬಾಯಿಗಿಡಲು ಹೋದವಳು ತಡೆದಳು.
ಮೂರು ದಿನ!
ಒಲೆಯಲ್ಲಿ ಎರಡು ಬೆರಳಿನಷ್ಟೇ ಎಣ್ಣೆ ಇತ್ತಲ್ಲ,
ಇಬ್ಬರಿಗೆ ಅರ್ಧ ಬಿಸ್ಕತ್ತು, ಒಬ್ಬನಿಗೆ ಬಾತ ದವಡೆ.
ಉಳಿಸುತ್ತೇನೆಂದು ಗುಡಾರದಲ್ಲಿ ಕೂಡಿಹಾಕಿ
ಉಪವಾಸ ಕೆಡವಿದೆನಲ್ಲ ಇಬ್ಬರನ್ನೂ.

ತಿರುವಿನಲ್ಲಿ ರೈಲು ಹೊಳೆಯತ್ತ ವಾಲಿತು.
ಬಿಸ್ಕತ್ತನ್ನು ಮಡಿಲಲ್ಲಿಟ್ಟು
ಹೆಬ್ಬೆರಳಿನಿಂದ ಒತ್ತಿದಳು.

ಮುದುಕ ಉಗುಳು ನುಂಗಿದ.