ರಾಜಗಡಕ್ಕೆ ಒಯ್ದ ಕುಕ್ಕರು

ಶುಕ್ರವಾರ ಸಂಜೆ, ಶಟರ್ ಅರ್ಧ ಎಳೆದ ಮೇಲೆ,
ಪಾರ್ಸಲ್ ತೂಗುವ ತಕ್ಕಡಿಗೆ ನನ್ನ ಚೀಲ ಏರಿಸಿದೆ.
ಒಂಬತ್ತು ಕಿಲೋ ನಾನೂರು ಗ್ರಾಂ.
ನಾಗಪುರಕ್ಕಾದರೆ ಎಷ್ಟು, ಗುವಾಹಾಟಿಗಾದರೆ ಎಷ್ಟು,
ಬಾಯಿ ತಾನಾಗಿ ಲೆಕ್ಕ ಹಾಕಿತು.
ಸುಲಭಾ ತನ್ನದನ್ನು ತೂಗಗೊಡಲಿಲ್ಲ.
ನನ್ನ ಬೆನ್ನು, ನನ್ನ ಭಾರ, ಅಂದಳು.

ಹತ್ತೊಂಬತ್ತು ವರ್ಷ
ಅವಳು ಮೂರನೇ ಕಿಟಕಿ, ನಾನು ನಾಲ್ಕನೆಯದು.
ನಡುವೆ ಪ್ಲೈವುಡ್ ಹಲಗೆ,
ಹಲಗೆಯಲ್ಲೊಂದು ತೂತು, ಅಂಟಿನ ಬಾಟಲಿ ದಾಟುವಷ್ಟು.
ಆ ತೂತಿನಲ್ಲೇ ನನ್ನ ಬಿಜಾಪುರದ ಮರಾಠಿ ತಿದ್ದಿದಳು.
ನನ್ನಿಂದ ಅವಳು ಕಲಿತದ್ದು ಎರಡೇ ಮಾತು:
‘ಹೌದೇನು?’ ಮತ್ತು ‘ಸುಮ್ನಿರ’.
ಸಂಸಾರಕ್ಕೆ ಇಷ್ಟು ಸಾಕು ಅನ್ನುತ್ತಾಳೆ.

ಸ್ವಾರಗೇಟಿನಿಂದ ಆರರ ಕೆಂಪು ಬಸ್ಸು.
ಗುಂಜವಣೆಯಲ್ಲಿ ಇಳಿದರೆ ಗಡವೇ ಇಲ್ಲ!
ಮಂಜು ಅದನ್ನು ಮಡಿಸಿ ಎಲ್ಲೋ ಎತ್ತಿಟ್ಟಿತ್ತು.
ಹತ್ತಿದೆವು. ಹತ್ತುತ್ತಲೇ ಇದ್ದೆವು.
ದಾರಿಯುದ್ದಕ್ಕೂ ಕಾರವಿ ಗಿಡ, ಹೂವಿಲ್ಲ,
ಏಳು ವರ್ಷಕ್ಕೊಮ್ಮೆಯಂತೆ, ಇನ್ನೂ ಮೂರು ಬಾಕಿ.
ಆಗ ಬರೋಣ ಅಂದಳು.
ಆಗ ನಮಗೆ ಐವತ್ತಾರು, ಮೊಣಕಾಲೂ ಹೂಂ ಅನ್ನಬೇಕಲ್ಲ.
ಚೋರ ದರವಾಜೆಯಲ್ಲಿ ಅವಳ ಚೀಲ ಸಿಕ್ಕಿಕೊಂಡಿತು.
ಒಳಗಿನಿಂದ ಠಣ್ ಅಂತು.

ಪದ್ಮಾವತಿ ಮಾಚಿಯ ಮೇಲೆ, ಕತ್ತಲಾದ ಮೇಲೆ,
ಸೀರೆಯ ತುಂಡು ಬಿಚ್ಚಿ ಹೊರತೆಗೆದಳು:
ಮೂರು ಲೀಟರಿನ ಕುಕ್ಕರು,
ಗ್ಯಾಸ್ಕೆಟ್ಟು, ಸೀಟಿ ಸಮೇತ.
ನನಗೆ ಸಿಟ್ಟು ಬಂತು. ಟೂತ್‌ಬ್ರಷ್ಷಿನ ಹಿಡಿ ಕತ್ತರಿಸಿ ತಂದವಳು ನಾನು,
ಗ್ರಾಂ ಉಳಿಸಲೆಂದು.
ಅವಲಕ್ಕಿ ಸಾಲದಿತ್ತೇನೇ?

ಅಕ್ಕಿ ತೊಳೆಯುತ್ತ ಹೇಳಿದಳು,
ನನಗಲ್ಲ, ಅಕ್ಕಿಗೆ ಹೇಳುವ ಹಾಗೆ:
ಹನ್ನೊಂದು ವರ್ಷದವಳಿದ್ದಾಗ ಅಣ್ಣಂದಿರು ಇದೇ ಗಡ ಹತ್ತಿದರು,
ನನ್ನನ್ನು ಬುಡದಲ್ಲಿ ಕೂರಿಸಿದರು,
ಚಪ್ಪಲಿ ಕಾಯಲು.
ಮೇಲೆ ಬಿಸಿ ಅನ್ನ ಉಂಡೆವು ಅಂತ ಬಂದು ಹೇಳಿದರು.
ಸುಳ್ಳಿರಬೇಕು. ಆದರೂ.

ಮೊದಲ ಸೀಟಿಗೆ ಗಡದ ನಾಯಿಗಳು ಎದ್ದವು.
ಎರಡನೆಯದಕ್ಕೆ ಪಕ್ಕದ ಕಾಲೇಜು ಹುಡುಗರು
ಬಿಸ್ಕತ್ತು ಕೆಳಗಿಟ್ಟು, ತಟ್ಟೆ ಹಿಡಿದು ಬಂದರು.
ಮೂರನೆಯದನ್ನು ಸುವೇಳಾ ಮಾಚಿಯ ಕಡೆಯ ಬಂಡೆ
ಸ್ವಲ್ಪ ಯೋಚಿಸಿ, ಮರಳಿ ಕೊಟ್ಟಿತು.
ಅನ್ನ ತಳ ಹಿಡಿದಿತ್ತು.
ಯಾರೂ ಬಿಡಲಿಲ್ಲ, ಆ ಕರಿಕನ್ನೂ.

ಬೆಳಿಗ್ಗೆ ತೋರಣೆಯ ಕಡೆ, ಏಣು ಹಿಡಿದು.
ಎರಡೂ ಬದಿ ಇಳಿಜಾರು, ನಡುವೆ ಕತ್ತೆ ಬೆನ್ನಿನಂಥ ದಾರಿ.
ಇನ್ನೂ ಒಂಚೂರು ಸಿಟ್ಟಿತ್ತು ನನಗೆ,
ಅನ್ನ ಉಂಡವಳಿಗೆ ಇರಬಾರದಷ್ಟು;
ಮುಂದೆ ಮುಂದೆ ನಡೆದೆ.
ಕಬ್ಬಿಣದ ಏಣಿಯ ಹತ್ತಿರ ತಿರುಗಿದರೆ
ಹಿಂದೆ ಬರೀ ಬಿಳಿ.
ಸುಲಭಾ ಇಲ್ಲ, ದಾರಿ ಇಲ್ಲ,
ಕಣಿವೆ ಎಡಕ್ಕಿತ್ತೋ ಬಲಕ್ಕೋ ಅದೂ ಇಲ್ಲ.

ಬಿಳಿಯ ಒಳಗಿಂದ ಅವಳ ಕೂಗು: ವಾಟ್ ಬಘ!
ದಾರಿ ನೋಡು ಅಂತ.
ನಮ್ಮ ಕಡೆಯೂ ಹಾಗೇ ಅನ್ನುತ್ತೇವೆ, ಕಾಯಬೇಕಾದಾಗ.
ಕಾಣದ ದಾರಿಯನ್ನು ನೋಡುತ್ತ ನಿಂತೆ.
ಎಷ್ಟು ಹೊತ್ತೋ. ಗಡಿಯಾರದಲ್ಲಿ ಹನ್ನೊಂದು ನಿಮಿಷ.
ಮೊದಲು ಬಂದದ್ದು ಠಣ್,
ಆಮೇಲೆ ಒಂದು ಕುಂಟು ಕಾಲು,
ಆಮೇಲೆ ಅವಳು.

ಕೇಳಲಿಲ್ಲ. ಚೀಲ ಬಿಚ್ಚಿ ಕುಕ್ಕರು ತೆಗೆದು
ನನ್ನದರಲ್ಲಿ ತುರುಕಿಕೊಂಡೆ.
ಹೌದೇನು? ಅಂದಳು.
ಏಣಿಯ ಒಂಬತ್ತನೇ ಮೆಟ್ಟಿಲಲ್ಲಿ
ಅದರ ಹಿಡಿ ಸೊಂಟಕ್ಕೆ ತಿವಿಯಿತು,
ಇವತ್ತಿಗೂ ಅಲ್ಲಿ ನೀಲಿ ಇದೆ.

ವೆಲ್ಹೆಯಲ್ಲಿ ಬಸ್ಸು ಹತ್ತಿ ಇಬ್ಬರೂ ನಿದ್ದೆಹೋದೆವು.
ಕುಕ್ಕರು ನನ್ನ ಮನೆಗೇ ಬಂತು.

ಸೋಮವಾರ, ಕಿಟಕಿ ತೆಗೆಯುವ ಮೊದಲು,
ತಂದು ತಕ್ಕಡಿಯ ಮೇಲಿಟ್ಟೆ. ತಳದಲ್ಲಿ ಒಂದು ನೆಗ್ಗು.
ಎರಡು ಕಿಲೋ ನೂರಾ ಅರವತ್ತು.
ರಿಜಿಸ್ಟರ್ ಮಾಡಲೇನು, ಬಾಯಿ?
ತೂತಿನಿಂದ ಅಂಟಿನ ಬಾಟಲಿ ಬಂತು,
ಅದರ ಹಿಂದೆ, ಸುಮ್ನಿರ.

ಕ್ಯೂನಲ್ಲಿದ್ದ ಮುದುಕರೊಬ್ಬರು
ಮನಿಯಾರ್ಡರಿನ ಫಾರ್ಮು ಹಿಡಿದು ಕೆಮ್ಮಿದರು.