ಭಾಗಿಸೋದು ಗೊತ್ತಾ?

ಹಾಸನದ ಸಂತೇಪೇಟೆ, ಆಲೂಗೆಡ್ಡೆ ಮಂಡಿ.
ಎರಡು ತೂಕದ ಯಂತ್ರ, ಒಳಗೆ ಬೇರೆ ಬೇರೆ ಚಿಪ್,
ನಾನು ತುಂಬಿದ ಕರ್ನಲ್ ಮಾತ್ರ ಒಂದೇ.
ಕರೆಂಟು ಬಂದೊಡನೆ ಅದು ಚಿಪ್ಪನ್ನು ಕೇಳುತ್ತದೆ:
ಭಾಗಿಸೋದು ಗೊತ್ತೇನಪ್ಪ ನಿನಗೆ?

ಹೊಸದು ಹೂಂ ಅನ್ನುತ್ತದೆ.
ಕೂಡಲೇ ಕರ್ನಲ್ ತನ್ನ ಪುಟ ತಾನೇ ತಿದ್ದಿಕೊಂಡು
ಉದ್ದನೆಯ ಲೆಕ್ಕದ ತಲೆಯ ಮೇಲೆ ಬರೆಯುತ್ತದೆ
ಒಂದೇ ಆಜ್ಞೆ, ಆಮೇಲೆ 'ವಾಪಸ್ ಹೋಗು'.

ಹಳೆಯದಕ್ಕೆ ಗೊತ್ತಿಲ್ಲ.
ಅದರದು ರೈಟರ್ ಸಣ್ಣಸ್ವಾಮಿಯವರ ದಾರಿ:
ಜರುಗಿಸು, ಹೋಲಿಸು, ಕಳೆ,
ಮತ್ತೆ ಜರುಗಿಸು, ಮತ್ತೆ ಕಳೆ,
ಕಿವಿಮೇಲಿನ ಪೆನ್ಸಿಲ್ ಸವೆಯುವ ತನಕ.
ಉತ್ತರ ಅದೇ. ಶೇಷವೂ ಅದೇ:
ಚೀಲಕ್ಕೆ ಸಾಲದ ಮೂರು ಕೇಜಿ ಗೆಡ್ಡೆ,
ಕಸ ಗುಡಿಸುವ ಹೊನ್ನಮ್ಮನ ಮಡಿಲಿಗೆ.

ಮೊನ್ನೆ, ಒಂದೂ ಚೀಲ ಬಾರದ ಸೋಮವಾರ,
ಯಾರೋ ಸರಾಸರಿಯ ಗುಂಡಿ ಒತ್ತಿದರು.
ಸೊನ್ನೆಯಿಂದ ಭಾಗ!
ಹಳೆಯದು ಕಿರುಚಿಕೊಂಡಿತು, ಪರದೆ ತುಂಬ ದೂರು.
ಹೊಸದು ತೆಪ್ಪಗೆ
ಸೊನ್ನೆ ತೋರಿಸಿ ಕೂತಿತ್ತು.

ಬೇಡವೆಂದು ನಾನು ಮುಚ್ಚಿಸಿದ ಸಾಲುಗಳಲ್ಲಿ
ಕಿರುಚುವ ಸಾಲೂ ಒಂದಿತ್ತು.

ಸಣ್ಣಸ್ವಾಮಿ ಪೆನ್ಸಿಲ್ ತೆಗೆಯಲೇ ಇಲ್ಲ:
"ಚೀಲವೇ ಬಂದಿಲ್ಲ,
ಯಾವನ್ಗ್ರೀ ಬೇಕಿತ್ತು ಸರಾಸರಿ?"