ಹೊಸ ಜೋಡಿ ಹಿಂದಕ್ಕೆ

ಗುತ್ತಲು ರಸ್ತೆಯ ಇನಾಯತ್ ಟೈರಂಗಡಿಯಲ್ಲಿ
ಮುಂಗಾಲೆತ್ತಿ ನಿಂತಿದೆ ನನ್ನ ಕಾರು, ಜಾಕಿನ ಮೇಲೆ.
ಡಿಕ್ಕಿಯಲ್ಲಿ ನೈಟ್ರೋಜನ್ ಕ್ಯಾನು,
ಅದರೊಳಗೆ ತಣ್ಣಗೆ ಮಲಗಿವೆ ನಾಳೆಯ ಕರುಗಳು.
ದುದ್ದದಲ್ಲಿ ಬೆದೆಗೆ ಬಂದ ಹಸು.
ಚಿಕ್ಕತಾಯಮ್ಮ ಮೂರು ಸಲ ಫೋನು ಮಾಡಿ ಆಯಿತು.

ಹದಿನಾರಿಂಚಿನ ಅಲಾಯ್ ಹಾಕ್ಸಿ ಅತ್ತಿಗೆ,
ಎನ್ನುತ್ತಾನೆ ಮೈದುನ ಲಿಖಿತ್. ಅವನ ಫೋನಿನಲ್ಲಿ
ಕರಿ ಕಡ್ಡಿಗಳ ಚಕ್ರ, ಸುತ್ತಲೂ
ಕಾಡಿಗೆ ತೀಡಿದಷ್ಟೇ ರಬ್ಬರು.
ಇನ್ನೂರೈದು, ನಲವತ್ತೈದು,
ಮಗ್ಗಿಯ ಹಾಗೆ ಒಪ್ಪಿಸುತ್ತಾನೆ.

ಇನಾಯತ್ ನಗುವುದಿಲ್ಲ.
ಹಳೆಯ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ
ಅಂಕಿಗಳನ್ನು ಎಬ್ಬಿಸುತ್ತಾನೆ,
ಓಲೆಯ ನಂಬರಿಗಾಗಿ ನಾನು
ಎಮ್ಮೆಯ ಕಿವಿ ಒರೆಸುವ ಹಾಗೆ.

ನೂರ ಎಪ್ಪತ್ತೈದು, ಇದು ಅಗಲ.
ಅರವತ್ತೈದು ಎತ್ತರ ಅಲ್ಲ ಮೇಡಂ,
ಆ ಅಗಲದಲ್ಲಿ ನೂರಕ್ಕೆ ಅರವತ್ತೈದು ಪಾಲು.
ಎಲ್ಲಾರೂ ಇಲ್ಲೇ ಎಡವೋದು.
ಹದಿನಾಲ್ಕು, ರಿಮ್ಮು.

ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದ:
ನಿಮ್ಮ ಪಕ್ಕೆ ನೂರ ಹದಿನಾಲ್ಕು ಮಿಲಿಮೀಟರು.
ಇವರು ಹೇಳೋದು ತೊಂಬತ್ತೆರಡು.
ರಿಮ್ಮು ದೊಡ್ಡದು, ಪಕ್ಕೆ ಗಿಡ್ಡ, ಒಟ್ಟು ಎತ್ತರ ಹತ್ತಿರ ಹತ್ತಿರ ಅದೇ.
ಮೀಟರು ಅಷ್ಟೇನೂ ಸುಳ್ಳು ಹೇಳಲ್ಲ.
ಆದರೆ ಬಸರಾಳು ರಸ್ತೆ ಗುಂಡಿಗೆ
ಆ ಇಪ್ಪತ್ತೆರಡು ಎಲ್ಲಿಂದ ತರ್ತೀರಿ?

ಆಮೇಲೆ, ಇದು ಮುಂದಿಂದ ಎಳೆಯೋ ಗಾಡಿ.
ಮುಂದಿನ ಚಕ್ರಕ್ಕೆ ಎರಡು ಕೆಲಸ,
ಎಳೀಲೂಬೇಕು, ತಿರುಗಲೂಬೇಕು.
ಅಗಲ ಆದಷ್ಟೂ ಸ್ಟೇರಿಂಗು ಭಾರ,
ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜಲೂಬಹುದು.

ಎರಡು ಕೆಲಸದ ಸಂಗತಿ
ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಚೀಟಿ ಎತ್ತಿದ ದುಡ್ಡು ಎರಡಕ್ಕೆ ಸಾಕು, ಎಂದೆ.
ಎರಡಾದರೆ ಅದೇ ನಂಬರು,
ನಾಲ್ಕಾದರೆ ಮಾತಾಡಬಹುದು, ಎಂದ.
ಲಿಖಿತ್ ಫೋನು ಜೇಬಿಗಿಟ್ಟ.

ಸವೆದಿರೋದು ಮುಂದಿನವು. ಹೊಸವು ಮುಂದಕ್ಕೆ ಹಾಕಿ.
ಇಲ್ಲ, ಹಿಂದಕ್ಕೆ. ಹಿಂದಿನವು ಮುಂದೆ ಬರಲಿ.
ಜಗಳಕ್ಕೇ ನಿಂತೆ. ದುಡಿಯೋದು ಒಬ್ಬರು,
ಹೊಸ ಬಟ್ಟೆ ಇನ್ನೊಬ್ಬರಿಗಾ?

ಮುಂದೆ ಜಾರಿದರೆ ಕೈಗೆ ಗೊತ್ತಾಗುತ್ತೆ ಮೇಡಂ,
ಕಾಲು ತೆಗೆದರೆ ಮತ್ತೆ ಹಿಡ್ಕೊಳ್ಳುತ್ತೆ.
ಹಿಂದೆ ಜಾರಿದರೆ...
ಅಂಗೈಯನ್ನು ಮೆಲ್ಲಗೆ ಅಡ್ಡ ತಿರುಗಿಸಿದ.
ಯಾರೂ ನಾಲೆ ಎನ್ನಲಿಲ್ಲ.
ಕೆಲಸದ ಹುಡುಗ ಸಿದ್ದಪ್ಪಾಜಿ ಕಂಪ್ರೆಸರು ನಿಲ್ಲಿಸಿದ.

ಆಗ ನೆನಪಾಯಿತು.
ಹಸುವಿನ ಮೈಭಾರ ಹೆಚ್ಚು ಬೀಳುವುದು ಮುಂಗಾಲಿಗೆ.
ಆದರೂ ಹದಿನೇಳು ವರ್ಷದಲ್ಲಿ
ಹಗ್ಗ ಕಟ್ಟಿ ಎತ್ತಿಸಿ ನಾನು ಕೆತ್ತಿದ ಗೊರಸು
ಹೆಚ್ಚೂಕಡಿಮೆ ಎಲ್ಲವೂ ಹಿಂಗಾಲಿನವು.
ಮನೆಯವರು ಮುಂದೆ ನಿಂತು, ಮುಖ ನೋಡಿ,
ಮೇವು ಚೆನ್ನಾಗೇ ತಿಂತದೆ ಕಣವ್ವ ಎನ್ನುವಾಗ
ನಾನು ಸುಮ್ಮನೆ ಬಾಲದ ಕಡೆಗೆ ನಡೆಯುತ್ತೇನೆ.

ಹಾಕಿ, ಎಂದೆ.

ಹೊಸ ರಬ್ಬರಿನ ಎಳೆಮೀಸೆ ಇನ್ನೂ ಉದುರಿಲ್ಲ.
ಸ್ಟೇರಿಂಗು ನಿನ್ನೆಯದೇ, ಗಡಗಡವೂ ನಿನ್ನೆಯದೇ,
ಕೊಟ್ಟ ದುಡ್ಡು ಬೆನ್ನ ಹಿಂದೆಲ್ಲೋ ಸದ್ದಿಲ್ಲದೆ ಉರುಳುತ್ತಿದೆ.
ಏರಿಯ ಮೇಲೆ ರಾತ್ರಿಯ ಹನಿ,
ಟ್ರ್ಯಾಕ್ಟರಿನಿಂದ ಬಿದ್ದು ನುಗ್ಗಾದ ಕಬ್ಬು,
ಎಡಕ್ಕೆ ತುಂಬಿದ ನೀರು.
ಚಿಕ್ಕತಾಯಮ್ಮನ ನಾಲ್ಕನೆಯ ಫೋನು.
ಎತ್ತಲಿಲ್ಲ.
ಈ ತಿರುವು ಮುಗಿಯಲಿ.